ಬಿಚ್ಚಿ ಕೂಡಿಸಿದ ಕಾರು ಅದೇ ಕಾರೇ?

ರೇಡಿಯೊ ನಿಯಂತ್ರಿತ ಪಂದ್ಯದ ಕಾರು ಓಡುವುದು ಸ್ವಲ್ಪ ಹೊತ್ತು, ಬಿಚ್ಚಿಕೊಂಡು ಬಿದ್ದಿರುವುದು ಬಹಳ ಹೊತ್ತು. ನಿಜವಾದ ಕಾರಿನ ಹತ್ತನೇ ಒಂದು ಅಳತೆಯ, ಬ್ಯಾಟರಿಯಿಂದ ಓಡುವ ಬಗ್ಗಿ ಒಂದು ಸುತ್ತಿನ ಪಂದ್ಯದಲ್ಲಿ ಸಾಮಾನ್ಯವಾಗಿ 5 ನಿಮಿಷ ಓಡುತ್ತದೆ. ದಿನಕ್ಕೆ ನಾಲ್ಕೈದು ಸುತ್ತು ಎಂದುಕೊಂಡರೂ ಶನಿವಾರ, ಭಾನುವಾರ ಸೇರಿ ಒಂದು ಗಂಟೆ ದಾಟುವುದಿಲ್ಲ. ಮುಂದಿನ ಪಂದ್ಯದವರೆಗಿನ ವಾರಗಳಲ್ಲಿ ಅದು ಮೇಜಿನ ಮೇಲೆ ಭಾಗಭಾಗವಾಗಿ ಹರಡಿಕೊಂಡು, ಧೂಳು ಕೊಡವಿಸಿಕೊಂಡು, ಸವೆದದ್ದನ್ನು ಕಳಚಿ ಹೊಸದನ್ನು ಸೇರಿಸಿಕೊಂಡು ಮತ್ತೆ ಕೂಡುತ್ತದೆ. ಹೀಗೆ ಕೂಡಿದ್ದು ಹಿಂದಿನ ಪಂದ್ಯದಲ್ಲಿ ಓಡಿದ ಕಾರೇ, ಬೇರೆಯದೇ ಎಂಬುದು ಮೇಲುನೋಟಕ್ಕೆ ತರಲೆ ಪ್ರಶ್ನೆ. ಭಾರತೀಯ ದರ್ಶನಗಳು ಮಾತ್ರ ಸುಮಾರು ಎರಡು ಸಾವಿರ ವರ್ಷಗಳಿಂದ ಇದನ್ನು ಗಂಭೀರವಾಗಿಯೇ ಕೇಳುತ್ತ ಬಂದಿವೆ. ಅದೂ ಹಲವು ಸಲ ಒಂದು ಗಾಡಿಯನ್ನೇ, ಅಂದರೆ ರಥವನ್ನೇ ಮುಂದಿಟ್ಟುಕೊಂಡು.

ಮೈಸೂರಿನಲ್ಲಿ ‘ಆರ್‌ಸಿ’ ಎಂದರೆ ಹೆಚ್ಚಿನವರಿಗೆ ಹೊಳೆಯುವುದು ಗಾಡಿಯ ನೋಂದಣಿ ಪತ್ರ. ಈ ಕಾರಿನ ಆರ್‌ಸಿ ಎಂದರೆ ರೇಡಿಯೊ ಕಂಟ್ರೋಲ್. ಇದಕ್ಕೆ ನೋಂದಣಿಯಿಲ್ಲ, ನಂಬರ್ ಪ್ಲೇಟಿಲ್ಲ. ಇದು ಇಂಥದ್ದೇ ಎಂದು ಹೇಳುವ ಸರ್ಕಾರಿ ಕಾಗದ ಇಲ್ಲದ್ದರಿಂದ ಗುರುತಿನ ಪ್ರಶ್ನೆ ಇಲ್ಲಿ ಮರೆಯಿಲ್ಲದೆ ಎದುರಿಗೆ ನಿಲ್ಲುತ್ತದೆ.

ಕೆಲಸ ಶುರುವಾಗುವುದು ಧೂಳಿನಿಂದ. ಕೆಂಪುಮಣ್ಣಿನ ಮೇಲೆ ಓಡಿದ ಕಾರಿನ ಪ್ರತಿ ಸಂದಿಯಲ್ಲೂ ಹಿಟ್ಟಿನಂಥ ಧೂಳು ಕೂತಿರುತ್ತದೆ. ನೀರು ಸುರಿದು ತೊಳೆಯುವಂತಿಲ್ಲ. ರಿಸೀವರ್, ಸರ್ವೊ, ಸ್ಪೀಡ್ ಕಂಟ್ರೋಲರ್‌ಗಳಿಗೆ ನೀರು ಆಗದು, ಬೇರಿಂಗಿಗೆ ತುಕ್ಕು ಹಿಡಿಯುತ್ತದೆ. ಒಣ ಬ್ರಷ್ಷು, ಗಾಳಿ ಊದುವ ಪಂಪು ಸಾಕು. ಒಳಗಡೆಯಿಂದ ಬಣ್ಣ ಹೊಡೆದ ತೆಳು ಪಾಲಿಕಾರ್ಬೊನೇಟ್ ಬಾಡಿಯನ್ನು ಎತ್ತಿಟ್ಟು, ಚಕ್ರಗಳನ್ನು ಕಳಚಿ, ಒಂದೊಂದು ಮೂಲೆಯನ್ನೂ ಹಿಡಿದು ಅಲ್ಲಾಡಿಸಿ ನೋಡಬೇಕು. ಪ್ಲೇ, ಅಂದರೆ ಸಡಿಲ, ಬಂದಿರುವುದು ತೋಳಿನ ಪಿನ್ನಿನಲ್ಲೋ, ಬಾಲ್ ಜಾಯಿಂಟಿನಲ್ಲೋ, ಬೇರಿಂಗಿನಲ್ಲೋ ಎಂಬುದು ಕಣ್ಣಿಗಿಂತ ಮೊದಲು ಬೆರಳಿಗೆ ತಿಳಿಯುತ್ತದೆ. ಬೇರಿಂಗನ್ನು ಬೆರಳ ತುದಿಯಲ್ಲಿಟ್ಟು ತಿರುಗಿಸಿದಾಗ ಮರಳು ಅರೆದ ಹಾಗೆ ಸದ್ದು ಬಂದರೆ ಅದನ್ನು ತೊಳೆದು, ಒಣಗಿಸಿ, ಒಂದೇ ಒಂದು ಹನಿ ಎಣ್ಣೆ ಬಿಡಬೇಕು. ಆಮೇಲೂ ಸದ್ದು ನಿಲ್ಲದಿದ್ದರೆ ಅದರ ಆಯುಸ್ಸು ಮುಗಿಯಿತು.

ಹೆಚ್ಚು ಹೊತ್ತು ಹಿಡಿಯುವುದು ಶಾಕ್‌ಗಳು. ಬೆರಳುದ್ದದ ಆ ನಾಲ್ಕು ಕೊಳವೆಗಳಲ್ಲಿ ಸಿಲಿಕೋನ್ ಎಣ್ಣೆ ಇರುತ್ತದೆ. ಅದರೊಳಗೆ ತೂತುಗಳಿರುವ ಪಿಸ್ಟನ್ ಮೇಲೆ ಕೆಳಗೆ ಆಡುತ್ತದೆ. ಓಡಿ ಓಡಿ ಎಣ್ಣೆ ಕಪ್ಪಾಗುತ್ತದೆ, ಓ-ರಿಂಗ್ ಸವೆದು ಜಿನುಗುತ್ತದೆ. ಹಳೆಯ ಎಣ್ಣೆ ಚೆಲ್ಲಿ, ಹೊಸದು ತುಂಬಿ, ಪಿಸ್ಟನ್ನನ್ನು ಮೆಲ್ಲಗೆ ಆಡಿಸಿ ಗಾಳಿಗುಳ್ಳೆ ಮೇಲೇರುವವರೆಗೆ ಕಾಯಬೇಕು. ಕಾಯದೆ ಮುಚ್ಚಳ ತಿರುಗಿಸಿದರೆ ಎಡದ ಶಾಕ್ ಒಂದು ಥರ, ಬಲದ್ದು ಇನ್ನೊಂದು ಥರ. ಕಾರು ತಿರುವಿನಲ್ಲಿ ಒಂದು ಕಡೆ ಎಳೆಯುತ್ತದೆ. ಡಿಫ್‌ನ, ಅಂದರೆ ಡಿಫರೆನ್ಷಿಯಲ್‌ನ, ಎಣ್ಣೆ ಇದಕ್ಕಿಂತ ಬಹಳ ಮಂದ, ಜೇನುತುಪ್ಪದ ಹಾಗೆ. ಮೋಟಾರಿನ ಪಿನಿಯನ್ನಿಗೂ ಅದು ತಿರುಗಿಸುವ ಸ್ಪರ್ ಗೇರಿಗೂ ನಡುವಿನ ಸಂದು ಬಿಗಿಯಾದರೆ ಮೋಟಾರು ಬಿಸಿಯಾಗುತ್ತದೆ, ಸಡಿಲವಾದರೆ ಹಲ್ಲು ಹೋಗುತ್ತದೆ. ಟೈರು ಸವೆದಿದ್ದರೆ ಹೊಸ ರಬ್ಬರನ್ನು ರಿಮ್ಮಿಗೆ ಅಂಟು ಹಾಕಿ ಕೂಡಿಸುತ್ತಾರೆ. ಲೋಹದೊಳಕ್ಕೆ ಹೋಗುವ ಪ್ರತಿ ಸ್ಕ್ರೂವಿಗೂ ಅದು ಸಡಿಲವಾಗದಂತೆ ಹಿಡಿಯುವ ಥ್ರೆಡ್‌ಲಾಕಿನ ಒಂದು ಹನಿ.

ಬ್ಯಾಟರಿಯದೇ ಒಂದು ಬೇರೆ ಶಿಸ್ತು. ಲಿಥಿಯಂ ಪಾಲಿಮರ್ ಬ್ಯಾಟರಿಯ ಒಂದು ಸೆಲ್ ಪೂರ್ತಿ ತುಂಬಿದಾಗ 4.2 ವೋಲ್ಟ್ ಇರುತ್ತದೆ. ಹಾಗೇ ವಾರಗಟ್ಟಲೆ ಬಿಟ್ಟರೆ ಅದು ಊದಿಕೊಳ್ಳಬಹುದು. 3 ವೋಲ್ಟಿಗಿಂತ ಕೆಳಗಿಳಿಸಿದರೂ ಕೆಡುತ್ತದೆ. ಆದ್ದರಿಂದ ಪಂದ್ಯ ಮುಗಿದ ಮೇಲೆ ಸೆಲ್ಲಿಗೆ ಸುಮಾರು 3.8 ವೋಲ್ಟ್ ಇರುವಂತೆ ಮಾಡಿ, ಬೆಂಕಿ ತಡೆಯುವ ಚೀಲದಲ್ಲಿಡುತ್ತಾರೆ. ಈ ಎಚ್ಚರ ಹೊಸದಲ್ಲ: ಮಹಾಭಾರತದ ವಿರಾಟಪರ್ವದಲ್ಲಿ ಪಾಂಡವರು ಅಜ್ಞಾತವಾಸಕ್ಕೆ ಹೊರಟಾಗ ಆಯುಧಗಳನ್ನು ಬನ್ನಿಮರದಲ್ಲಿ ಇಡುವ ಮೊದಲು ಬಿಲ್ಲುಗಳ ಹೆದೆಯಿಳಿಸುತ್ತಾರೆ. ಹೆದೆಯೇರಿಸಿದ ಬಿಲ್ಲನ್ನು ವರ್ಷವಿಡೀ ಹಾಗೇ ಬಿಟ್ಟರೆ ಅದರ ಬಲವೇ ಅದನ್ನು ತಿನ್ನುತ್ತದೆ. ದಸರಾ ಮೆರವಣಿಗೆ ಕೊನೆಗೊಳ್ಳುವ ಬನ್ನಿಮಂಟಪದ ಹೆಸರಿನಲ್ಲಿ ಉಳಿದಿರುವ ಈ ಕಥೆಯನ್ನು ಶೌರ್ಯದ ಕಥೆಯಾಗಿ ಕೇಳುವವರೇ ಹೆಚ್ಚು. ಅದು ಆಯುಧ ಕಾಪಿಡುವವರ ಕಥೆಯೂ ಹೌದು.

ಕೊನೆಯದು ಸೆಟಪ್ ಶೀಟ್. ಯಾವ ಸ್ಪ್ರಿಂಗು, ಶಾಕಿಗೆ ಯಾವ ಎಣ್ಣೆ, ಚಕ್ರ ಎಷ್ಟು ಡಿಗ್ರಿ ಒಳಕ್ಕೆ ವಾಲಿದೆ, ನೆಲದಿಂದ ಚಾಸಿ ಎಷ್ಟು ಮಿಲಿಮೀಟರ್ ಎತ್ತರ ಎಂಬುದನ್ನೆಲ್ಲ ಬರೆದಿಡುವ ಒಂದು ಹಾಳೆ. ಇದು ಕಾರಿನ ಭಾಗವಲ್ಲ, ಉಪಕರಣವೂ ಅಲ್ಲ. ಆದರೂ ಇದು ಕಳೆದುಹೋದರೆ ಎಲ್ಲ ಭಾಗಗಳೂ ಇದ್ದೂ ಹಿಂದಿನ ಕಾರು ಸಿಗುವುದಿಲ್ಲ.

ಹೀಗೆ ಕೆಲವು ಪಂದ್ಯ ಕಳೆಯುವಷ್ಟರಲ್ಲಿ ಟೈರು, ಬೇರಿಂಗು, ಗೇರು, ತೋಳು, ಬಾಡಿ ಎಲ್ಲವೂ ಬದಲಾಗಿರುತ್ತವೆ. ಉಳಿದಿರುವುದು ಬಹುಶಃ ಚಾಸಿಯ ತಟ್ಟೆ ಮಾತ್ರ. ಅದೂ ಒಂದು ದಿನ ಬಾಗುತ್ತದೆ. ಆದರೂ ಕಾರಿನವರು ‘ನನ್ನ ಹಳೇ ಕಾರು’ ಎಂದೇ ಅನ್ನುತ್ತಾರೆ. ಈ ಮಾತಿಗೆ ಆಧಾರವೇನು?

ಪಾಲಿ ಗ್ರಂಥ ‘ಮಿಲಿಂದಪಞ್ಹ’ದಲ್ಲಿ ಯವನ ದೊರೆ ಮಿಲಿಂದ ಭಿಕ್ಷು ನಾಗಸೇನನ ಬಳಿಗೆ ರಥದಲ್ಲಿ ಬರುತ್ತಾನೆ. ಮಿಲಿಂದನೆಂದರೆ ಕ್ರಿಸ್ತಪೂರ್ವ 2ನೇ ಶತಮಾನದ ಮಿನಾಂಡರ್. ನಾಗಸೇನ ಒಂದೊಂದಾಗಿ ಕೇಳುತ್ತಾನೆ: ಮೂಕಿ ರಥವೇ? ಅಚ್ಚು ರಥವೇ? ಗಾಲಿ, ನೊಗ, ಲಗಾಮು ರಥವೇ? ಎಲ್ಲದಕ್ಕೂ ಅಲ್ಲವೆಂಬುದೇ ಉತ್ತರ. ಇವೆಲ್ಲವನ್ನೂ ಬಿಟ್ಟು ಬೇರೆ ಏನಾದರೂ ರಥವೇ? ಅದೂ ಅಲ್ಲ. ಹಾಗಾದರೆ ‘ರಥ’ ಎಂಬುದು ಈ ಭಾಗಗಳನ್ನು ನೆಚ್ಚಿ ಬಳಕೆಗೆ ಬಂದ ಹೆಸರು, ಅಷ್ಟೆ. ಬಿಚ್ಚಿದ ಕಾರಿನ ಮೇಜು ನಾಗಸೇನನ ಈ ಪಟ್ಟಿಯ ಪ್ರತ್ಯಕ್ಷ ರೂಪ. ಮುಂದೆ 7ನೇ ಶತಮಾನದಲ್ಲಿ ಬೌದ್ಧ ಆಚಾರ್ಯ ಚಂದ್ರಕೀರ್ತಿ ಇದನ್ನು ಏಳು ಬಗೆಯಲ್ಲಿ ಹಿಡಿದು ಜಾಲಾಡಿಸಿದ. ಭಾಗಗಳ ಬರಿಯ ರಾಶಿಯೂ ರಥವಲ್ಲ, ಅವುಗಳ ಆಕಾರವೂ ರಥವಲ್ಲ ಎಂಬುದು ಅವನು ಸೇರಿಸಿದ ಬಿಗಿ. ಡಬ್ಬಿಯಲ್ಲಿ ಸುರಿದಿಟ್ಟ ಬಿಡಿಭಾಗಗಳ ಮೇಲೆ ಯಾರೂ ಪಂದ್ಯ ಆಡುವುದಿಲ್ಲವಾದ್ದರಿಂದ ಮೊದಲನೆಯದನ್ನು ಒಪ್ಪುವುದು ಕಷ್ಟವಲ್ಲ. ಎರಡನೆಯದು ಅಷ್ಟು ಸುಲಭಕ್ಕೆ ಇಳಿಯುವುದಿಲ್ಲ.

ಎದುರು ಪಕ್ಷದ, ಅಂದರೆ ನ್ಯಾಯ–ವೈಶೇಷಿಕರ, ವಾದ ಮೈಸೂರಿನ ಅನೇಕ ಓದುಗರಿಗೆ ದೊರೆತದ್ದು ಎಂ. ಹಿರಿಯಣ್ಣನವರ ಮೂಲಕ. 1871ರಲ್ಲಿ ಹುಟ್ಟಿ 1950ರಲ್ಲಿ ತೀರಿಕೊಂಡ ಅವರು ಮಹಾರಾಜ ಕಾಲೇಜಿನಲ್ಲಿ ಸಂಸ್ಕೃತ ಪ್ರಾಧ್ಯಾಪಕರಾಗಿದ್ದರು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಕೊಟ್ಟ ಉಪನ್ಯಾಸಗಳನ್ನು ಆಧರಿಸಿ 1932ರಲ್ಲಿ ಇಂಗ್ಲಿಷಿನಲ್ಲಿ ಅವರು ಪ್ರಕಟಿಸಿದ ಭಾರತೀಯ ತತ್ತ್ವಶಾಸ್ತ್ರದ ರೂಪರೇಖೆ ಇಂದಿಗೂ ಪಠ್ಯ. ನ್ಯಾಯ–ವೈಶೇಷಿಕರ ಪ್ರಕಾರ ಭಾಗಗಳು ‘ಅವಯವ’, ಅವುಗಳಿಂದ ಹುಟ್ಟುವ ಇಡಿಯಾದ ವಸ್ತು ‘ಅವಯವಿ’. ಅವಯವಿ ಬರಿಯ ಹೆಸರಲ್ಲ, ಭಾಗಗಳಿಗಿಂತ ಬೇರೆಯಾದ, ಅವುಗಳಲ್ಲಿ ಸಮವಾಯ ಸಂಬಂಧದಿಂದ ನೆಲೆಸಿರುವ ಹೊಸ ದ್ರವ್ಯ. ನ್ಯಾಯಸೂತ್ರ ಇದಕ್ಕೆ ಕೊಡುವ ಒಂದು ಕಾರಣ ಕುಶಲಕರ್ಮಿಯ ಕಾರಣದಂತಿದೆ: ಒಂದು ಕಡೆ ಹಿಡಿದು ಎತ್ತಿದರೆ ಅಥವಾ ಎಳೆದರೆ ಇಡೀ ವಸ್ತು ಬರುತ್ತದೆ. ಕೂಡಿಸಿದ ಕಾರನ್ನು ಹಿಂದಿನ ರೆಕ್ಕೆ ಹಿಡಿದೆತ್ತಿದರೆ ಮುಂದಿನ ಚಕ್ರವೂ ಮೇಲೇಳುತ್ತದೆ. ತಟ್ಟೆಯಲ್ಲಿ ಹರಡಿದ ಭಾಗಗಳಲ್ಲಿ ರೆಕ್ಕೆ ಎತ್ತಿದರೆ ರೆಕ್ಕೆಯೊಂದೇ ಕೈಗೆ ಬರುತ್ತದೆ. ಭಾಷ್ಯಕಾರ ವಾತ್ಸ್ಯಾಯನನಿಗೆ ಮಾತ್ರ ಈ ಕಾರಣ ಸಾಕೆನಿಸಲಿಲ್ಲ. ಅರಗಿನಿಂದ ಅಂಟಿಸಿದ ಹುಲ್ಲು, ಕಲ್ಲು, ಕಟ್ಟಿಗೆಗಳೂ ಒಟ್ಟಿಗೆ ಮೇಲೇಳುತ್ತವೆ, ಅವೇನು ಒಂದು ವಸ್ತುವಾದವೇ ಎಂಬುದು ಅವನ ತಕರಾರು. ರಿಮ್ಮಿಗೆ ಅಂಟಿಸಿದ ಟೈರನ್ನು ಕಂಡವರಿಗೆ ಈ ತಕರಾರಿನ ತೂಕ ತಿಳಿಯುತ್ತದೆ.

ನೈಯಾಯಿಕರ, ಅಂದರೆ ನ್ಯಾಯ ದರ್ಶನದವರ, ನಿಲುವಿಗೆ ತೆರಬೇಕಾದ ಬೆಲೆ ದೊಡ್ಡದು. ಅವಯವಿಯು ಇಂಥ ಭಾಗಗಳಿಂದಲೇ ಹುಟ್ಟಿದ್ದಾದರೆ, ಒಂದು ಭಾಗ ಹೋದೊಡನೆ ಆ ಅವಯವಿ ನಾಶವಾಗಬೇಕು. ಬಟ್ಟೆಯಿಂದ ಒಂದು ತುಂಡು ಹರಿದರೆ ಉಳಿದದ್ದು ಹಳೆಯ ಬಟ್ಟೆಯಲ್ಲ, ಆ ಕ್ಷಣ ಹುಟ್ಟಿದ ‘ಖಂಡಪಟ’ ಎಂದು ಅವರು ಹಿಂಜರಿಯದೆ ಹೇಳಿದರು. ಆ ಲೆಕ್ಕದಲ್ಲಿ ಒಂದು ಸಂಜೆಯ ದುರಸ್ತಿಯಲ್ಲಿ ಹತ್ತಾರು ಕಾರುಗಳು ಸಾಯುತ್ತವೆ, ಹುಟ್ಟುತ್ತವೆ. ಸ್ಕ್ರೂಡ್ರೈವರ್ ಒಂದು ಸುತ್ತು ತಿರುಗಿದರೆ ಒಂದು ಮರಣ. ಇಡಿಯಾದುದು ನಿಜವೆಂದು ಸಾಧಿಸಲು ಹೊರಟ ದರ್ಶನವೇ ಅದರ ಬಾಳನ್ನು ಇಷ್ಟು ನಾಜೂಕಾಗಿಸಿತು. ‘ಅದೇ ಇದು’ ಎಂಬ ಗುರುತಿಸುವಿಕೆಯನ್ನು ಶಾಸ್ತ್ರದಲ್ಲಿ ಪ್ರತ್ಯಭಿಜ್ಞೆ ಎನ್ನುತ್ತಾರೆ. ದೀಪದ ಕುಡಿ ಕ್ಷಣಕ್ಷಣಕ್ಕೂ ಬೇರೆಯಾದರೂ ‘ಅದೇ ದೀಪ’ ಎನ್ನುವ ಹಾಗೆ ಇದು ಹೋಲಿಕೆಯಿಂದ ಬಂದ ಮಾತು ಎಂದು ಬಗೆಹರಿಸಬೇಕಾಗುತ್ತದೆ. ಬೌದ್ಧರು ಎಲ್ಲ ವಸ್ತುಗಳ ವಿಷಯದಲ್ಲೂ ಹೇಳುವುದು ಇದನ್ನೇ. ಇಷ್ಟು ದೂರ ಜಗಳವಾಡಿಕೊಂಡು ಬಂದವರು ಸ್ಕ್ರೂಡ್ರೈವರಿನ ಮುಂದೆ ಒಂದೇ ಬೆಂಚಿನಲ್ಲಿ ಕೂರುವಂತಾಯಿತು.

ಜೈನರ ದಾರಿ ನಡುವಿನದು. ಇರುವ ಪ್ರತಿಯೊಂದರಲ್ಲೂ ಹುಟ್ಟು, ಅಳಿವು, ಉಳಿವು ಮೂರೂ ಒಟ್ಟಿಗೆ ಇರುತ್ತವೆ, ದ್ರವ್ಯ ಉಳಿಯುತ್ತದೆ, ಪರ್ಯಾಯಗಳು ಬದಲಾಗುತ್ತವೆ ಎಂಬುದು ಉಮಾಸ್ವಾತಿಯ ‘ತತ್ತ್ವಾರ್ಥಸೂತ್ರ’ದ ನಿಲುವು. ದುರಸ್ತಿಗೆ ಹೇಳಿ ಮಾಡಿಸಿದ ಸಿದ್ಧಾಂತ ಇದು ಎನಿಸುತ್ತದೆ. ಆದರೆ ಇಲ್ಲಿ ಉಳಿಯುವ ದ್ರವ್ಯ ಯಾವುದು? ಪುದ್ಗಲ, ಅಂದರೆ ಜಡವಸ್ತು. ಸವೆದ ರಬ್ಬರಿನ ಪುಡಿಯೂ ಪುದ್ಗಲವೇ, ಅದು ಅಂಕಣದ ಮಣ್ಣಿನಲ್ಲಿ ಉಳಿದಿದೆ. ಪುದ್ಗಲ ಉಳಿದದ್ದರಿಂದ ಕಾರು ಉಳಿದಂತಾಗಲಿಲ್ಲ.

ಕಠೋಪನಿಷತ್ತಿನ ರಥವನ್ನು ಇಲ್ಲಿ ನೆನೆಯುವವರೂ ಇರಬಹುದು: ದೇಹ ರಥ, ಬುದ್ಧಿ ಸಾರಥಿ, ಆತ್ಮ ರಥಿ. ರಥದ ಭಾಗಗಳು ಬದಲಾದರೇನು, ರಥಿ ಅವನೇ ತಾನೇ? ಆದರೆ ಈ ಕಾರಿನ ರಥಿ ಕಾರಿನಲ್ಲಿಲ್ಲ. ಅಂಕಣದ ಪಕ್ಕದ ಕಟ್ಟೆಯ ಮೇಲೆ ನಿಂತು 2.4 ಗಿಗಾಹರ್ಟ್ಸ್‌ನ ರೇಡಿಯೊ ಅಲೆಯಿಂದ ಓಡಿಸುತ್ತಾನೆ. ಬೇರೆಯಾಗಿಯೇ ಇದ್ದು ನಡೆಸುವವನು ಎಂಬ ಮಟ್ಟಿಗೆ ಚಿತ್ರ ಮಧ್ವರ ಸ್ವತಂತ್ರ–ಪರತಂತ್ರ ವಿಭಾಗಕ್ಕೆ ಹತ್ತಿರವಾದೀತು. ಮಾಧ್ವರು ಈ ಹೋಲಿಕೆಯನ್ನು ಒಪ್ಪುತ್ತಾರೆಂದೇನೂ ಅಲ್ಲ; ಬ್ಯಾಟರಿ ಮುಗಿದರೆ ಕೈಕಟ್ಟಿ ನಿಲ್ಲುವ ಸ್ವತಂತ್ರನನ್ನು ಅವರು ಒಪ್ಪಲಾರರು.

ದರ್ಶನಗಳು ಎಳೆದಾಡಿದ ಪ್ರಶ್ನೆಯನ್ನು ಕಚೇರಿ, ಕಾರ್ಖಾನೆಗಳು ಒಂದು ನಂಬರಿನಿಂದ ಮುಗಿಸುತ್ತವೆ. ಮೈಸೂರಿನ ಅಶೋಕಪುರಂನಲ್ಲಿ 1924ರಿಂದ ಇರುವ ರೈಲ್ವೆ ಕಾರ್ಯಾಗಾರಕ್ಕೆ ಪ್ರಯಾಣಿಕರ ಗಾಡಿಗಳು ನಿಗದಿತ ಅವಧಿಗೊಮ್ಮೆ ಪೂರ್ತಿ ದುರಸ್ತಿಗೆ ಬರುತ್ತವೆ. ಮೇಲಿನ ಪೆಟ್ಟಿಗೆಯನ್ನು ಎತ್ತಿ, ಕೆಳಗಿನ ಬೋಗಿಯನ್ನು ಬೇರ್ಪಡಿಸಿ, ಚಕ್ರ, ಬ್ರೇಕು, ಸ್ಪ್ರಿಂಗುಗಳನ್ನು ಬಿಚ್ಚಿ ಸರಿಪಡಿಸುತ್ತಾರೆ. ಹೊರಡುವಾಗ ಪಕ್ಕದಲ್ಲಿ ಬರೆದ ನಂಬರು ಹಿಂದಿನದೇ. ಜನ ಇಡೀ ಗಾಡಿಗೇ ‘ಬೋಗಿ’ ಎನ್ನುತ್ತಾರೆ. ಕಾರ್ಯಾಗಾರದೊಳಗೆ ಬೋಗಿ ಎಂದರೆ ಕೆಳಗಿನ ಚಕ್ರಗಳ ಚೌಕಟ್ಟು ಮಾತ್ರ. ಅವಯವದ ಹೆಸರು ಅವಯವಿಗೆ ಹತ್ತಿ ನಿಂತಿದೆ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1960ರ ದಶಕದಿಂದ ತಯಾರಾದ ಜಾವಾ, ಆಮೇಲಿನ ಯೆಜ್ಡಿ ಬೈಕುಗಳ ಕಥೆಯೂ ಇಂಥದೇ. ಕಾರ್ಖಾನೆ 1996ರಲ್ಲಿ ಮುಚ್ಚಿತು. ಇಂದು ಓಡುತ್ತಿರುವ ಹಳೆಯ ಗಾಡಿಗಳು ಬೇರೆ ಗಾಡಿಗಳಿಂದ ಕಳಚಿದ ಭಾಗಗಳನ್ನು ಹಾಕಿಕೊಂಡು ಬದುಕಿರುವುದು ಅಪರೂಪವಲ್ಲ. ಕಾನೂನು ನೋಡುವುದು ಚಾಸಿ ನಂಬರನ್ನು. ಎಂಜಿನ್ನೇ ಬದಲಾದರೂ ಅದನ್ನು ಆರ್‌ಸಿಯಲ್ಲಿ ನಮೂದಿಸಿದರೆ ಗಾಡಿ ಅದೇ. ಇದು ತತ್ತ್ವಜ್ಞಾನಿಗೆ ಹಿಡಿಸದ ಉತ್ತರ, ಆದರೆ ಅದರಲ್ಲೊಂದು ಸೂಕ್ಷ್ಮವಿದೆ: ಬದಲಾವಣೆಯನ್ನು ದಾಖಲಿಸಿದರೆ ಗುರುತು ಉಳಿಯುತ್ತದೆ, ಮುಚ್ಚಿಟ್ಟರೆ ಕೆಡುತ್ತದೆ. ಸೆಟಪ್ ಶೀಟ್ ಮಾಡುವ ಕೆಲಸವೂ ಅದೇ.

ಆಗಮಗಳ ಉತ್ತರ ಇದಕ್ಕಿಂತ ಆಳವಾದದ್ದು. ದೇವಸ್ಥಾನದ ಜೀರ್ಣೋದ್ಧಾರ ನಡೆಯುವಾಗ ಸನ್ನಿಧಿಯಲ್ಲಿ ಸುತ್ತಿಗೆ, ಉಳಿ ಆಡಬೇಕಾಗುತ್ತದೆ. ದೇವರು ಇರುವಾಗ ಅದು ಸಲ್ಲದು. ಆದ್ದರಿಂದ ಕಲಾಕರ್ಷಣ ಎಂಬ ವಿಧಿಯಿಂದ ಬಿಂಬದ ಸಾನ್ನಿಧ್ಯವನ್ನು ಕಲಶದ ನೀರಿಗೆ ಸೆಳೆದು, ತಾತ್ಕಾಲಿಕವಾದ ಬಾಲಾಲಯದಲ್ಲಿ ಪೂಜೆ ಮುಂದುವರಿಸುತ್ತಾರೆ. ಕೆಲಸ ಮುಗಿದ ಮೇಲೆ ಕುಂಭಾಭಿಷೇಕದಲ್ಲಿ ಅದನ್ನು ಮರಳಿ ತುಂಬುತ್ತಾರೆ. ಬಿರುಕುಬಿಟ್ಟ ಬಿಂಬದ ಜಾಗಕ್ಕೆ ಹೊಸ ಬಿಂಬ ಬಂದರೂ ದೇವರು ಅದೇ. ಈ ವಿಧಿ ಕಲ್ಲು ಬದಲಾಗಲಿಲ್ಲವೆಂದು ನಟಿಸುವುದಿಲ್ಲ, ಬದಲಾದದ್ದರಿಂದ ಎಲ್ಲ ಮುಗಿಯಿತು ಎನ್ನುವುದೂ ಇಲ್ಲ. ನಡುವೆ ಒಂದು ಕಡಿತ ಇದೆಯೆಂದು ಒಪ್ಪಿ, ಅದನ್ನು ದಾಟಿಸುವ ಹೊಣೆಯನ್ನು ಕೆಲವರ ಮೇಲೆ ಹೊರಿಸುತ್ತದೆ. ಪಂದ್ಯದ ಕಾರಿನಲ್ಲಿ ಟ್ರಾನ್ಸ್‌ಪಾಂಡರ್ ಎಂಬ ಪುಟ್ಟ ಪೆಟ್ಟಿಗೆ ಇರುತ್ತದೆ. ಕಾರು ಗೆರೆ ದಾಟಿದಾಗ ತನ್ನ ಸಂಖ್ಯೆಯನ್ನು ಹೇಳಿ ಸುತ್ತಿನ ಲೆಕ್ಕ ಕೊಡುವುದು ಅದು. ಅದನ್ನು ಒಂದು ಕಾರಿನಿಂದ ತೆಗೆದು ಇನ್ನೊಂದಕ್ಕೆ ಹಾಕಿದರೆ ಸಮಯ ಎಣಿಸುವ ಕಂಪ್ಯೂಟರಿಗೆ ಎರಡನೆಯದೇ ಮೊದಲನೆಯದು. ಕಲಶದ ಹೋಲಿಕೆ ಇಲ್ಲಿಗೆ ನಿಲ್ಲಬೇಕು, ಏಕೆಂದರೆ ಟ್ರಾನ್ಸ್‌ಪಾಂಡರ್ ದಾಟಿಸುವುದು ಲೆಕ್ಕವನ್ನು ಮಾತ್ರ. ಕಾರು ಹಿಂದಿನಂತೆ ತಿರುಗುವ ಹಾಗೆ ದಾಟಿಸುವುದು ಬೆರಳು ಮತ್ತು ಹಾಳೆ.

ಆದ್ದರಿಂದ ‘ಅದೇ ಕಾರು’ ಎಂಬುದನ್ನು ಭಾಗಗಳಲ್ಲಿ ಹುಡುಕಿದರೂ ಸಿಗದು, ಭಾಗಗಳ ಮೇಲೊಂದು ದ್ರವ್ಯವಾಗಿ ಹುಡುಕಿದರೂ ಸಿಗದು. ಅದು ಮಾಡಿದರೆ ಉಂಟು, ಬಿಟ್ಟರೆ ಇಲ್ಲ. ಎಲ್ಲವನ್ನೂ ಒಂದೇ ದಿನ ಬದಲಿಸಿದರೆ ಹೊಸ ಕಾರು. ಒಂದೊಂದನ್ನೇ, ಉಳಿದ ಭಾಗಗಳಿಗೆ ಹೊಂದಿಸಿಕೊಂಡು, ಹಿಂದಿನದರ ನೆನಪಿಟ್ಟುಕೊಂಡು ಬದಲಿಸಿದರೆ ಅದೇ ಕಾರು. ನಾಗಸೇನ ‘ಹೆಸರು’ ಎಂದು ಕರೆದದ್ದು ಇಷ್ಟು ದುಡಿಮೆಯನ್ನು ಬೇಡುತ್ತದೆಂಬುದನ್ನು ಮಿಲಿಂದನ ಸಾರಥಿಯನ್ನು ಕೇಳಿದ್ದರೆ ಹೇಳುತ್ತಿದ್ದನೇನೋ.

ಹಾಗಾದರೆ ದುರಸ್ತಿಯೇ ಪೂಜೆ ಎನ್ನಬಹುದೇ? ಮೈಸೂರಿನಲ್ಲಿ ಈ ಪ್ರಶ್ನೆ ವರ್ಷಕ್ಕೊಮ್ಮೆ ಬೀದಿಗೇ ಬರುತ್ತದೆ. ಮಹಾನವಮಿಯ ಆಯುಧಪೂಜೆಯ ದಿನ ಅರಮನೆಯಲ್ಲಿ ಖಾಸಾ ಆಯುಧಗಳನ್ನು ಆವರಣದಲ್ಲಿರುವ ಕೋಡಿ ಸೋಮೇಶ್ವರ ದೇವಸ್ಥಾನಕ್ಕೆ ಒಯ್ದು ಶುದ್ಧಿ ಮಾಡಿ ತರುತ್ತಾರೆ. ಪಟ್ಟದ ಆನೆ, ಕುದುರೆ, ಹಸುಗಳ ಜೊತೆ ರಾಜಮನೆತನದ ಕಾರುಗಳಿಗೂ ಪೂಜೆಯಾಗುತ್ತದೆ. ಊರಿನ ಗ್ಯಾರೇಜು, ಲೇತು, ಆಟೊ ನಿಲ್ದಾಣಗಳಲ್ಲಿ ಬಾಳೆಕಂದು, ಚೆಂಡುಹೂವು, ಚಕ್ರದಡಿ ನಿಂಬೆಹಣ್ಣು, ಕುಂಕುಮ ತುಂಬಿ ಒಡೆದ ಬೂದುಗುಂಬಳಕಾಯಿ. ಉಪಕರಣಗಳನ್ನು ಅಂದು ಬಳಸುವುದಿಲ್ಲ ಎಂಬುದು ರೂಢಿ. ಕೆಲಸವನ್ನೇ ಕೈಲಾಸವೆಂದ ಶರಣರ ಕಾಯಕದ ನೆನಪಿರುವ ನಾಡಿನಲ್ಲಿ ದುರಸ್ತಿಯೂ ಪೂಜೆಯೂ ಒಂದೇ ಎಂದುಬಿಡುವುದು ಸುಲಭ. ಆದರೆ ಎರಡು ಕ್ರಿಯೆಗಳು ನೋಡುವುದು ಎರಡು ಬೇರೆ ವಸ್ತುಗಳನ್ನು. ದುರಸ್ತಿಗೆ ಇಡೀ ಕಾರು ಕಾಣುವುದಿಲ್ಲ. ಅದಕ್ಕೆ ಕಾಣುವುದು ಬೇರಿಂಗು, ಓ-ರಿಂಗು, ಒಂದು ಹಲ್ಲು. ಅವಕ್ಕೆ ಕುಂಕುಮ ಬಿದ್ದರೆ ಕೆಡುಕೇ. ಧೂಳಿನಂತೆ ಅದೂ ಅರೆಯುತ್ತದೆ. ಪೂಜೆಗೆ ಬಿಡಿಭಾಗ ಕಾಣುವುದಿಲ್ಲ. ಅದು ಕೂಡಿಸಿ ನಿಲ್ಲಿಸಿದ, ಓಡದೆ ನಿಂತ ಇಡಿಯ ಕಾರಿಗೆ ಹೂವಿಡುತ್ತದೆ. ನೈಯಾಯಿಕರು ವಾದದಿಂದ ಸಾಧಿಸಲು ಒದ್ದಾಡಿದ ಅವಯವಿಯನ್ನು ಆಯುಧಪೂಜೆ ವಾದವಿಲ್ಲದೆ ಎದುರಿಗೆ ಕೂರಿಸುತ್ತದೆ, ಒಂದು ದಿನದ ಮಟ್ಟಿಗೆ. ಪಂದ್ಯದಲ್ಲೂ ಕಾರು ಇಡಿಯಾಗಿಯೇ ಇರುತ್ತದೆ, ಆದರೆ ಅಲ್ಲಿ ಅದನ್ನು ನೋಡುವಷ್ಟು ಪುರುಸೊತ್ತು ಯಾರಿಗೂ ಇರುವುದಿಲ್ಲ.

ಉಳಿಯುವುದು ಕಳಚಿದ ಭಾಗಗಳ ಪ್ರಶ್ನೆ. ಅಥೆನ್ಸಿನವರು ಥೀಸಿಯಸ್‌ನ ಹಡಗಿನ ಹಲಗೆಗಳನ್ನು ಕೊಳೆತಂತೆಲ್ಲ ಬದಲಿಸುತ್ತ ಕಾಪಾಡಿದರೆಂದು ಪ್ಲುಟಾರ್ಕ್ ಬರೆದ. 1655ರಲ್ಲಿ ಥಾಮಸ್ ಹಾಬ್ಸ್ ಅದಕ್ಕೊಂದು ಕಿಡಿಗೇಡಿ ತಿರುವು ಕೊಟ್ಟ: ತೆಗೆದೆಸೆದ ಹಳೆಯ ಹಲಗೆಗಳನ್ನೆಲ್ಲ ಒಬ್ಬ ಕೂಡಿಟ್ಟು, ಅದೇ ಕ್ರಮದಲ್ಲಿ ಇನ್ನೊಂದು ಹಡಗು ಕಟ್ಟಿದರೆ ಯಾವುದು ಅದೇ ಹಡಗು? ಕಾರಿನವರ ಮನೆಯಲ್ಲಿ ಕಳಚಿದ ಭಾಗಗಳ ಒಂದು ಡಬ್ಬಿ ಇದ್ದೇ ಇರುತ್ತದೆ. ಸವೆದ ಪಿನ್ನು, ಬಾಗಿದ ತೋಳು, ‘ಎಂದಾದರೂ ಬೇಕಾದೀತು’ ಎಂದು ಬಿಸಾಡದೆ ಇಟ್ಟ ಬೇರಿಂಗು ಅದರಲ್ಲಿ. ಅವನ್ನೆಲ್ಲ ಕೂಡಿಸಿದರೆ ಮೊದಲ ದಿನ ಡಬ್ಬಿಯಿಂದ ತೆಗೆದ ಕಾರಿನ ಭಾಗಗಳೇ ಮತ್ತೆ ಒಂದಾಗುತ್ತವೆ, ಆದರೆ ಅದು ನೆಟ್ಟಗೆ ಓಡದು. ಆಗಮಗಳ ಪ್ರಕಾರ ಸಾನ್ನಿಧ್ಯ ತೆಗೆದ ಕಲ್ಲಿನ ಜೀರ್ಣಬಿಂಬವನ್ನು ನೀರಿಗೆ ಬಿಡಬೇಕು. ಅದನ್ನು ಇಟ್ಟುಕೊಂಡು ಮತ್ತೊಂದು ಗುಡಿ ಮಾಡುವಂತಿಲ್ಲ. ಕಾರಿನ ಲೋಹ, ಪ್ಲಾಸ್ಟಿಕ್ಕು ಗುಜರಿಗೆ ಹೋಗುತ್ತವೆ. ಊದಿದ ಬ್ಯಾಟರಿಯನ್ನು ಮಾತ್ರ ಗುಜರಿಗೂ ಮನೆಯ ಕಸಕ್ಕೂ ಹಾಕುವಂತಿಲ್ಲ. ಅದರ ಶಕ್ತಿಯನ್ನು ಪೂರ್ತಿ ಇಳಿಸಿ, ತುದಿಗಳಿಗೆ ಟೇಪು ಸುತ್ತಿ, ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಒಪ್ಪಿಸಬೇಕು.